ಸೂಸನ್‌ಳ ಸೊಂಟದ ಸಾಕ್ಷಿ

ಬಂಗುಡೆಯ ಹೊಟ್ಟೆ ಸೀಳಿ, ಒಳಗಿನದನ್ನೆಲ್ಲ ಹೆಬ್ಬೆರಳಿನಿಂದ ಎಳೆದು ತೆಗೆದು, ನಲ್ಲಿಯ ಕೆಳಗೆ ಹಿಡಿಯುವಾಗ ಸೂಸನ್‌ಗೆ ಬಲಗಡೆಯ ಸೊಂಟ ಮತ್ತೆ ಚುರುಗುಟ್ಟಿತು. ಮೊನ್ನೆ ಅಕ್ಕಿಯ ಚೀಲ ಎತ್ತಿದ್ದೇ ತಪ್ಪಾಯಿತು ಎಂದುಕೊಂಡಳು. ಗಂಡ ಆಂಥೋನಿಗೆ ಹೇಳಿದರೆ ‘ನನ್ನನ್ನು ಕರೀಬಾರದಿತ್ತಾ’ ಎನ್ನುತ್ತಾನೆ. ಕರೆದರೆ ‘ಈ ಸುದ್ದಿ ಮುಗೀಲಿ’ ಎನ್ನುತ್ತಾನೆ.

ವಿನೆಗರ್ ಬಾಟಲಿಗೆ ಒರಗಿಸಿಟ್ಟಿದ್ದ ಫೋನಿನಲ್ಲಿ ಅವಳ ಒಡಹುಟ್ಟಿದವರೆಲ್ಲ ಪುಟ್ಟ ಪುಟ್ಟ ಚೌಕಗಳಲ್ಲಿ ಕೂತಿದ್ದರು. ಸೂಸನ್ ಕುವೈತ್‌ನ ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ ಬಂದ ಮೇಲೆ ಎಂಟು ಮಂದಿಯೂ ಹೀಗೆ ಸೇರುವುದು ವಾಡಿಕೆ. ಮಂಗಳೂರಿನಿಂದ ಹಿರಿಯಣ್ಣ ಲಿಗೋರಿ, ಮಸ್ಕತ್‌ನಿಂದ ಸೂಸನ್‌ಗಿಂತ ಎರಡು ವರ್ಷ ದೊಡ್ಡವಳಾದ ವೈಲೆಟ್, ಉಳಿದವರು ಮುಂಬೈ, ದುಬೈ, ಟೊರೊಂಟೊ ಅಂತ ಚದುರಿಹೋದವರು. ಲಿಗೋರಿಯ ಚೌಕದ ಮೂಲೆಯಲ್ಲಿ ಅವರ ತಾಯಿ ಮಾಂಯ್‌ಳ ಬಿಳಿ ತಲೆಯ ಅರ್ಧ ಭಾಗ ಕಾಣುತ್ತಿತ್ತು. ಬರುವ ತಿಂಗಳು ಮಾಂಯ್‌ಗೆ ತೊಂಬತ್ತು ತುಂಬುತ್ತದೆ. ಅದಕ್ಕೆ ಹಾಲ್ ಬುಕ್ ಆಗಿತ್ತು.

“ಒಬ್ಬೊಬ್ಬರಿಗೆ ಎರಡು ನಿಮಿಷ,” ಎಂದ ಲಿಗೋರಿ. “ಮಾಂಯ್ ಜೊತೆಗಿನ ಒಂದು ನೆನಪು ಹೇಳ್ಬೇಕು. ಅಳ್ಲಿಕ್ಕಿಲ್ಲ. ನಾಲ್ಕು ಗಂಟೆಗೆ ಹಾಲ್ ಖಾಲಿ ಮಾಡ್ಲಿಕ್ಕುಂಟು. ಸೂಸನ್, ನಿಂದು ಎಂತ?”

“ನಂದು ಗೊತ್ತುಂಟಲ್ಲ ದಾದಾ. ಚಿಕನ್‌ಪಾಕ್ಸ್.”

ಮಸ್ಕತ್‌ನ ಚೌಕ ಅಲುಗಾಡಿತು. “ಎಂತ ಚಿಕನ್‌ಪಾಕ್ಸ್?”

“ನಂಗೆ ಆರು ವರ್ಷ ಇರುವಾಗ ಬಂದದ್ದು. ಮಾಂಯ್ ನನ್ನನ್ನು ಭತ್ತದ ಕೋಣೆಯಲ್ಲಿ ಮಲಗಿಸಿ, ಅವಳೂ ಅಲ್ಲೇ ಮಲಗಿದ್ದು. ಕಹಿಬೇವಿನ ಸೊಪ್ಪಲ್ಲಿ ಗಾಳಿ ಹಾಕಿದ್ದು. ಗಂಜಿ ತಿನ್ನಿಸಿದ್ದು.”

“ಅದು ನಂದು!” ವೈಲೆಟ್ ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಬಂದಳೆಂದರೆ ಮೂಗಿನ ಹೊಳ್ಳೆ ಮಾತ್ರ ಕಾಣುತ್ತಿತ್ತು. “ನಿಂಗೆ ಚಿಕನ್‌ಪಾಕ್ಸ್ ಬರ್ಲೇ ಇಲ್ಲ ಮಾರಾಯ್ತಿ. ನಂಗೆ ಬಂದದ್ದು. ಇಲ್ಲಿ ನೋಡು, ಹಣೆ ಮೇಲೆ ಕಲೆ ಉಂಟು.”

“ಅದು ನೀನು ಸೈಕಲ್‌ನಿಂದ ಬಿದ್ದದ್ದು!”

“ಸೈಕಲ್‌ನದ್ದು ಮೊಣಕಾಲಲ್ಲಿ ಉಂಟು. ತೋರಿಸ್ಬೇಕಾ?”

“ಬೇಡ,” ಎಂದರು ಮೂರು ದೇಶಗಳಿಂದ.

ಲಿಗೋರಿ ಫೋನನ್ನು ಮಾಂಯ್‌ಳ ಕಡೆ ತಿರುಗಿಸಿ, ಕಿವಿಯ ಹತ್ತಿರ ಬಗ್ಗಿ ಕಿರುಚಿದ. “ಮಾಂಯ್! ಚಿಕನ್‌ಪಾಕ್ಸ್ ಬಂದದ್ದು ಯಾರಿಗೆ? ವೈಲೆಟಿಗಾ, ಸೂಸನ್‌ಗಾ?”

ಮಾಂಯ್ ಬಹಳ ಹೊತ್ತು ಯೋಚಿಸಿದಳು. “ಜಡೆ ಹಾಕಿದವಳಿಗೆ.”

ಐದು ಹೆಣ್ಣುಮಕ್ಕಳೂ ಜಡೆ ಹಾಕುತ್ತಿದ್ದರು.

“ಹೆಸರು ಹೇಳು ಮಾಂಯ್!”

“ತುಂಬಾ ಕೆರ್ಕೊಳ್ತಾ ಇತ್ತು ಪಾಪದ್ದು... ಪೌಲಿನ್ ಅಲ್ವಾ?”

ಪೌಲಿನ್ ಪಕ್ಕದ ಮನೆಯವಳು. ಕೊನೆಗೆ ಮತಕ್ಕೆ ಹಾಕಿದರು. ಉಳಿದವರೆಲ್ಲ ವೈಲೆಟ್‌ಳ ಕಡೆಗೆ ಕೈ ಎತ್ತಿದರು. ಟೊರೊಂಟೊದ ತಂಗಿ ಮಾತ್ರ ಬಾಯಿ ತೆರೆದುಕೊಂಡೇ ಸ್ತಬ್ಧಳಾಗಿದ್ದಳು, ನೆಟ್ ಹೋಗಿತ್ತು.

“ಬೇಜಾರು ಮಾಡ್ಬೇಡ,” ಎಂದ ಲಿಗೋರಿ. “ನಿಂಗೆ ಬೇರೆ ಕೊಡುವ. ಪಾದ್ರಿಗಳ ಕೊಡೆ ನೀನು ಬಾವಿಗೆ ಹಾಕಿದ್ದು?”

“ಅದ್ರಲ್ಲಿ ಮಾಂಯ್ ನಂಗೆ ಹೊಡೆದದ್ದು ಮಾತ್ರ ಇರುದು ದಾದಾ!”

“ಅದೂ ನೆನಪೇ ಅಲ್ವಾ?”

ಸೂಸನ್ ಫೋನ್ ಆರಿಸಿ ಉಳಿದ ಬಂಗುಡೆಗಳನ್ನು ಸೀಳಿದಳು, ಸ್ವಲ್ಪ ಜೋರಾಗಿಯೇ.

ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ, ಜೇಬು ಮುಟ್ಟಿ ನೋಡಿಕೊಂಡಾಗ ಪರ್ಸು ಇಲ್ಲದಿದ್ದರೆ ಆಗುತ್ತದಲ್ಲ, ಅಂಥದ್ದೇನೋ ಆಗಿತ್ತು. ಎಂಟು ಮಕ್ಕಳ ಮನೆಯಲ್ಲಿ ತಾಯಿಯನ್ನು ಯಾರೂ ಇಡಿಯಾಗಿ ಕಂಡವರಲ್ಲ. ಒಬ್ಬರಿಗೆ ತಲೆ ಬಾಚುವ ಕೈ ಸಿಕ್ಕಿದರೆ ಇನ್ನೊಬ್ಬರಿಗೆ ಗದರುವ ಬಾಯಿ. ಮಾಂಯ್‌ಳ ಬೆನ್ನನ್ನಂತೂ ಎಲ್ಲರೂ ನೋಡಿದ್ದರು, ಒಲೆಯ ಮುಂದೆ. ಆ ಭತ್ತದ ಕೋಣೆಯಲ್ಲಿ ಮಾತ್ರ ಮಾಂಯ್ ಪೂರ್ತಿಯಾಗಿ ತನ್ನವಳಾಗಿದ್ದಳು ಎಂದು ಸೂಸನ್ ಐವತ್ತು ವರ್ಷ ನಂಬಿದ್ದಳು. ಮದುವೆಯಾದ ಹೊಸತರಲ್ಲಿ ಆಂಥೋನಿಗೆ ಹೇಳಿದ ಮೊದಲ ಕಥೆ ಅದು. ಮಗಳು ಆಶ್ಲಿಗೆ ಜ್ವರ ಬಂದಾಗಲೆಲ್ಲ ಹೇಳಿದ ಕಥೆಯೂ ಅದೇ. ಈಗ ಕೈ ಎತ್ತಿ ಅದನ್ನು ಮಸ್ಕತ್‌ಗೆ ವರ್ಗಾಯಿಸಿಬಿಟ್ಟಿದ್ದರು.

ಮರುದಿನ ಸ್ನಾನಕ್ಕೆ ಹೋದಾಗ ಸೊಂಟದ ಮೇಲೆ ಕೆಂಪು ಗುಳ್ಳೆಗಳ ಸಾಲು ಕಂಡಿತು. ಬೆನ್ನಿನಿಂದ ಹೊರಟು ಹೊಕ್ಕುಳಿನ ಕಡೆಗೆ, ಅರ್ಧ ಡಾಬು ಕಟ್ಟಿದ ಹಾಗೆ. ಬಟ್ಟೆ ತಾಗಿದರೆ ಕೆಂಡ ತಾಗಿದಂತೆ ಉರಿ. ಆಶ್ಲಿ ಬಾಗಿಲಿನ ಸಂದಿಯಿಂದ ನೋಡಿ, “ಓ ಮೈ ಗಾಡ್ ಮಮ್ಮಿ, ದಟ್ಸ್ ಗ್ರಾಸ್,” ಎಂದಳು. ಆಂಥೋನಿ, “ಮೀನಿನ ಅಲರ್ಜಿ,” ಎಂದು ತೀರ್ಪು ಕೊಟ್ಟು, ಆ ದಿನದ ಮೀನನ್ನು ತಾನೊಬ್ಬನೇ ತಿನ್ನಲು ಸಿದ್ಧನಾದ.

ಪಕ್ಕದ ಫ್ಲ್ಯಾಟಿನ ಹರಿಣಾಕ್ಷಿ ಮೊಸರಿಗೆ ಹೆಪ್ಪು ಕೇಳಲು ಬಂದವಳು ಸೂಸನ್ ಓರೆಯಾಗಿ ನಡೆಯುವುದನ್ನು ಕಂಡು ವಿಚಾರಿಸಿದಳು. ನೋಡಿದಳು. ಎದೆಯ ಮೇಲೆ ಕೈಯಿಟ್ಟಳು.

“ಸೂಸನಕ್ಕ, ಇದು ಸರ್ಪಸುತ್ತು! ತಲೆಯೂ ಬಾಲವೂ ಸೊಂಟದ ಸುತ್ತ ಬಂದು ಒಂದಾಗ್ಬಾರ್ದು. ಒಂದಾದ್ರೆ ಕಥೆ ಮುಗೀತು.”

“ನಾವು ಕ್ರಿಶ್ಚಿಯನ್ಸ್ ಅಲ್ವಾ ಹರಿಣಾಕ್ಷಿ. ನಮಗೆ ಎಂತ ಸರ್ಪ?”

“ನಾಗನಿಗೆ ಜಾತಿ ಉಂಟಾ ಅಕ್ಕ? ನೀವು ಊರಲ್ಲಿ ಎಲ್ಲಿಯಾದ್ರೂ ನಾಗಬನದ ಪೊದೆ ಕಡಿಸಿದ್ದೀರಾ?”

“ಇಪ್ಪತ್ತು ವರ್ಷದಿಂದ ಈ ಕುವೈತ್‌ನ ಮೈದಾನ್ ಹವಲ್ಲಿಯಲ್ಲಿ ಇದ್ದೇನೆ. ಇಲ್ಲಿ ಎಲ್ಲಿಂದ ಪೊದೆ?”

ಹರಿಣಾಕ್ಷಿ ಅದಕ್ಕೆ ಬಗ್ಗಲಿಲ್ಲ. ಊರಿನಲ್ಲಿದ್ದ ಅತ್ತೆಗೆ ಫೋನು ಹಚ್ಚಿ ತುಳುವಿನಲ್ಲಿ ಏನೇನೋ ಕೇಳಿದಳು. ಆಮೇಲೆ ಆಶ್ಲಿಯ ಮಾರ್ಕರ್ ಪೆನ್ ಇಸಿದುಕೊಂಡು ಗುಳ್ಳೆಗಳ ಸಾಲಿನ ಎರಡು ತುದಿಗಳಲ್ಲೂ ದಪ್ಪವಾಗಿ ನೀಲಿ ಗೆರೆ ಎಳೆದಳು. “ಇದನ್ನು ದಾಟಿದ್ರೆ ನನ್ನನ್ನು ಕರೀರಿ,” ಎಂದಳು. ಹೆಪ್ಪು ಮರೆತೇ ಹೋದಳು.

ಸಂಜೆ ಉರಿ ತಡೆಯಲಾಗದೆ ಕ್ಲಿನಿಕ್ಕಿಗೆ ಹೋದರು. ಈಜಿಪ್ಟಿನ ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು.

“ಈ ನೀಲಿ ಗೆರೆ ಯಾರು ಎಳೆದದ್ದು?”

“ಪಕ್ಕದ ಮನೆಯವರು, ಡಾಕ್ಟರ್. ಹಾವು ದಾಟಬಾರದು ಅಂತ.”

“ಹಾವು?” ಡಾಕ್ಟರಮ್ಮ ಆಂಥೋನಿಯನ್ನು ನೋಡಿದರು. ಆಂಥೋನಿ ಗೋಡೆಯ ಮೇಲಿದ್ದ ಮೂತ್ರಕೋಶದ ಚಿತ್ರವನ್ನು ಶ್ರದ್ಧೆಯಿಂದ ನೋಡತೊಡಗಿದ. “ದಾಟುವುದಿಲ್ಲ. ಸಾಮಾನ್ಯವಾಗಿ ದೇಹದ ಒಂದೇ ಬದಿಗೆ ಬಂದು ನಿಲ್ಲುತ್ತದೆ. ಇದಕ್ಕೆ ಶಿಂಗಲ್ಸ್ ಎನ್ನುತ್ತಾರೆ. ನಿಮಗೆ ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಆಗಿತ್ತಲ್ಲ, ಅದೇ ವೈರಸ್.”

ಸೂಸನ್ ಕುರ್ಚಿಯ ತುದಿಗೆ ಸರಿದಳು. “ಏನಂದಿರಿ?”

“ಚಿಕನ್‌ಪಾಕ್ಸ್ ವಾಸಿಯಾದ ಮೇಲೂ ವೈರಸ್ ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕ ನರದ ಬೇರಿನಲ್ಲಿ ಮಲಗಿರುತ್ತದೆ. ವಯಸ್ಸಾಗಿ ದೇಹದ ಕಾವಲು ಸಡಿಲವಾದಾಗ ಎದ್ದು ಬರುತ್ತದೆ.”

“ಅಂದರೆ ಚಿಕನ್‌ಪಾಕ್ಸ್ ಬಾರದವರಿಗೆ ಇದು ಬರುವುದಿಲ್ಲ?”

“ನಿಮ್ಮ ಕಾಲದಲ್ಲಿ ಲಸಿಕೆ ಎಲ್ಲಿತ್ತು? ನಿಮಗೆ ಬಂದಿದೆ ಅಂದರೆ ಆಗ ಅದು ಖಂಡಿತ ಬಂದಿತ್ತು.”

“ಖಂಡಿತ?”

“ಮೇಡಂ, ಖಂಡಿತ.”

“ಥ್ಯಾಂಕ್ಯೂ ಡಾಕ್ಟರ್! ಥ್ಯಾಂಕ್ಯೂ!” ಸೂಸನ್ ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡಳು. ಎದ್ದ ರಭಸಕ್ಕೆ ಸೊಂಟ ಉರಿದು ಕಣ್ಣಲ್ಲಿ ನೀರು ಬಂತು, ಆದರೂ ನಗುತ್ತಿದ್ದಳು. ಡಾಕ್ಟರಮ್ಮ ತಮ್ಮ ಅನುಭವದಲ್ಲಿ ಈ ಕಾಯಿಲೆಗೆ ಯಾರೂ ಹೀಗೆ ಖುಷಿಪಟ್ಟದ್ದನ್ನು ಕಂಡಿರಲಿಲ್ಲವೇನೋ. ಮಾತ್ರೆ ಬರೆದುಕೊಟ್ಟು, ಗುಳ್ಳೆಗಳನ್ನು ಬಟ್ಟೆಯಲ್ಲಿ ಮುಚ್ಚಿಡಿ, ಒಣಗುವ ತನಕ ಬಸುರಿಯರ, ಹಸುಗೂಸುಗಳ ಹತ್ತಿರ ಹೋಗಬೇಡಿ ಎಂದು ಆಂಥೋನಿಗೇ ಹೇಳಿದರು. ಇವಳು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ಅವರಿಗೆ ಗೊತ್ತಾಗಿತ್ತು.

ಕಾರಿನಲ್ಲಿ ಸೂಸನ್ ಬೆನ್ನು ಸೀಟಿಗೆ ತಾಗದ ಹಾಗೆ ನೆಟ್ಟಗೆ ಕೂತಳು. ಆ ಭತ್ತದ ಕೋಣೆಯಲ್ಲಿ ಇದ್ದದ್ದು ಇನ್ನೂ ತನ್ನೊಳಗೆ ಇದೆ. ಹೈಸ್ಕೂಲಿಗೆ ಬಂದಿದೆ, ಮದುವೆಗೆ ಬಂದಿದೆ, ವೀಸಾ, ಇಕಾಮಾ ಎಂಬ ವಾಸದ ಪರವಾನಗಿ, ಏನೂ ಇಲ್ಲದೆ ಕುವೈತ್‌ಗೂ ಬಂದು ಇಷ್ಟು ವರ್ಷ ಬೆನ್ನ ಹಿಂದೆ ಸುಮ್ಮನೆ ಮಲಗಿದೆ. ಈಗ ಅವಳ ಮರ್ಯಾದೆಯ ಪ್ರಶ್ನೆ ಬಂದಾಗ ಎದ್ದು ಸಾಕ್ಷಿ ಹೇಳಿದೆ.

“ಆಶ್ಲಿ, ಒಂದು ಫೋಟೋ ತೆಗಿ,” ಎಂದಳು ಮನೆಗೆ ಬಂದವಳೇ.

“ಆಫ್ ದ್ಯಾಟ್? ಫಾರ್ ವಾಟ್?”

“ಫ್ಯಾಮಿಲಿ ಗ್ರೂಪಿಗೆ.”

“ನೋ ವೇ, ಮಮ್ಮಿ! ಅಂಕಲ್ಸ್ ಆರ್ ಇನ್ ದ್ಯಾಟ್ ಗ್ರೂಪ್!”

ಕೊನೆಗೆ ಕನ್ನಡಿಯ ಮುಂದೆ ತಾನೇ ತೆಗೆದುಕೊಂಡಳು. ನೀಲಿ ಗೆರೆ, ಗುಳ್ಳೆ, ಅಂಚಿನಲ್ಲಿ ಟೂತ್‌ಬ್ರಷ್ ಸ್ಟ್ಯಾಂಡ್. ಕೆಳಗೆ ಬರೆದಳು: “ಡಾಕ್ಟರ್ ಹೇಳಿದ್ದು. ಚಿಕನ್‌ಪಾಕ್ಸ್ ಬಂದವರಿಗೆ ಮಾತ್ರ ಇದು ಬರುದು. ಖಂಡಿತ.”

ಮುಂಬೈಯಿಂದ ಕೈಮುಗಿದ ಚಿತ್ರ ಬಂತು. ದುಬೈಯಿಂದ “ಗೆಟ್ ವೆಲ್ ಸೂನ್”. ಟೊರೊಂಟೊದವಳು “ಇದು ಯಾರ ಸೊಂಟ?” ಎಂದು ಕೇಳಿದಳು. ಲಿಗೋರಿ, ಸರ್ಪಸುತ್ತಿಗೆ ಮೂಡುಬಿದಿರೆಯ ಕಡೆ ಕೆಮ್ಮಣ್ಣು ಹಚ್ಚುವವರೊಬ್ಬರು ಇದ್ದಾರೆ, ಒಳ್ಳೆ ಕ್ಯಾಥೊಲಿಕರೇ, ಫೋನಿನಲ್ಲೂ ಪ್ರಾರ್ಥನೆ ಮಾಡುತ್ತಾರೆ ಎಂದು ಬರೆದ. ಚಿಕನ್‌ಪಾಕ್ಸ್ ವಿಷಯ ಯಾರೂ ಎತ್ತಲಿಲ್ಲ.

ಹರಿಣಾಕ್ಷಿ ಬಂದು ಗೆರೆ ಪರೀಕ್ಷಿಸಿ, “ನೋಡಿ, ದಾಟಿಲ್ಲ,” ಎಂದು ತೃಪ್ತಿಪಟ್ಟಳು. ಅದು ಹೇಗೂ ದಾಟುವುದಿಲ್ಲವಂತೆ ಎಂದು ಸೂಸನ್ ಹೇಳಿದಳು. “ನಾನು ಗೆರೆ ಹಾಕಿದ ಮೇಲೆ ಹೇಗೆ ದಾಟ್ತದೆ ಅಕ್ಕ?” ಎಂದು ಹರಿಣಾಕ್ಷಿ ಈ ಸಲ ಹೆಪ್ಪು ತೆಗೆದುಕೊಂಡೇ ಹೋದಳು.

ಅವಳು ಹೋದ ಬೆನ್ನಿಗೇ ವೈಲೆಟ್‌ಳ ಕರೆ ಬಂತು.

“ಉರಿ ಉಂಟಾ?”

“ಉಂಟು.”

“ಪಾಪ,” ಎಂದಳು ವೈಲೆಟ್. “ಸರಿ ಮಾರಾಯ್ತಿ, ನಿಂಗೂ ಬಂದಿತ್ತು. ಒಪ್ಪಿದೆ. ಎಂಟು ಮಕ್ಕಳ ಮನೆಯಲ್ಲಿ ಒಬ್ಬಳಿಗೆ ಬಂದ್ರೆ ಉಳಿದವರನ್ನು ಬಿಡ್ತದಾ? ನಿನ್ನ ಹೊಟ್ಟೆ ಮೇಲೆ ನಾಲ್ಕು ಗುಳ್ಳೆ ಎದ್ದಿರಬಹುದು. ಸೊಳ್ಳೆ ಕಚ್ಚಿದ್ದು ಅಂತ ಯಾರೂ ನೋಡ್ಲಿಲ್ಲ. ಆದ್ರೆ ಕೋಣೆಯಲ್ಲಿ ಇದ್ದದ್ದು ನಾನು.”

“ನಿಂಗೆ ಹೇಗೆ ಗೊತ್ತು, ನಾನಲ್ಲ ಅಂತ?”

“ಮಾಂಯ್ ನಂಗೆ ಸಿಳ್ಳೆ ಹಾಕಿದ್ಲು. ನಿದ್ದೆ ಬರ್ಲಿ ಅಂತ. ಹೆಂಗಸರು ಸಿಳ್ಳೆ ಹಾಕ್ಬಾರ್ದು, ಪಪ್ಪನಿಗೆ ಹೇಳ್ಬೇಡ ಅಂದ್ಲು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳ್ಲಿಲ್ಲ ನಾನು.”

ಸೂಸನ್ ಕೂಡ ಹೇಳಿರಲಿಲ್ಲ. ಆಂಥೋನಿಗೂ ಇಲ್ಲ, ಆಶ್ಲಿಗೂ ಇಲ್ಲ. ಚಿಕನ್‌ಪಾಕ್ಸ್ ಕಥೆಯನ್ನು ಎಷ್ಟು ಸಲ ಹೇಳಿದರೂ ಸಿಳ್ಳೆಯನ್ನು ಮಾತ್ರ ತನಗೆಂದು ಉಳಿಸಿಕೊಂಡಿದ್ದಳು.

“ಆ ಕೋಣೆಯ ಬಾಗಿಲು ಸರಿ ಮುಚ್ತಾ ಇರ್ಲಿಲ್ಲ, ಅಲ್ವಾ?” ಎಂದಳು ನಿಧಾನವಾಗಿ.

“ಇಲ್ಲ. ನೀನು ಅದರ ಹೊರಗೇ ಕೂತಿರ್ತಿದ್ದಿ. ಎದ್ದು ಹೋಗು ಅಂದ್ರೂ ಹೋಗ್ತಿರ್ಲಿಲ್ಲ. ಮಾಂಯ್‌ಗೆ ಕೇಳ್ತಾ ಇದ್ದಿ, ನಂಗೆ ಯಾವಾಗ ಬರ್ತದೆ, ನಂಗೆ ಯಾವಾಗ ಬರ್ತದೆ ಅಂತ.” ವೈಲೆಟ್ ನಕ್ಕಳು, ಕೆಟ್ಟ ನಗುವಲ್ಲ. “ಅಷ್ಟು ಕೇಳಿದ್ದಕ್ಕೆ ಬಂದದ್ದು ಈಗ. ಅನುಭವಿಸು.”

ಸೂಸನ್‌ಗೂ ನಗು ಬಂತು. ನಕ್ಕರೆ ಸೊಂಟ ಉರಿಯುತ್ತಿತ್ತು. “ಇಡ್ತೇನೆ, ಮಾತ್ರೆಯ ಹೊತ್ತು,” ಎಂದಳು.

ಮಾತ್ರೆ ನುಂಗಿ ಅಡುಗೆಮನೆಯಲ್ಲೇ ನಿಂತಳು. ಹೊರಗಿದ್ದವಳಿಗೆ ಒಳಗಿದ್ದೆ ಎಂದು ಐವತ್ತು ವರ್ಷ ಅನ್ನಿಸಬಹುದೇ? ಅನ್ನಿಸಬಹುದು, ಅಷ್ಟು ಆಸೆಪಟ್ಟಿದ್ದರೆ. ಡಾಕ್ಟರಮ್ಮನಿಗೆ ಗೊತ್ತಿದ್ದದ್ದು ಕಾಯಿಲೆ ಯಾರಿಗೆ ಬಂದಿತ್ತು ಎಂಬುದಷ್ಟೇ. ಮಾಂಯ್ ಯಾರ ಪಕ್ಕ ಮಲಗಿದ್ದಳು ಎಂಬುದು ಯಾವ ನರದಲ್ಲೂ ಉಳಿಯುವುದಿಲ್ಲ. ಇನ್ನು ಮಾಂಯ್‌ಳನ್ನೇ ಕೇಳಿದರೆ ಪೌಲಿನ್ ಅನ್ನುತ್ತಾಳೆ.

ಬೇರೆಯವರೆಲ್ಲ ಹುಟ್ಟುಹಬ್ಬದ ಹಿಂದಿನ ದಿನ ಮಂಗಳೂರಿಗೆ ಇಳಿಯುವವರು. ಅಷ್ಟು ಹೊತ್ತಿಗೆ ಮಾಂಯ್ ಮತ್ತೆ ಎಂಟು ತುಂಡಾಗುತ್ತಾಳೆ. ಸೂಸನ್ ಕೆಲಸಕ್ಕೆ ಹೋಗುವ ಶುವೈಖ್‌ನ ಆಫೀಸಿನಲ್ಲಿ ಅವಳಿಗೆ ರಜೆ ಬೇಕಾದಷ್ಟು ಬಾಕಿಯಿತ್ತು. ಲಿಗೋರಿಯ ಮನೆಯಲ್ಲಿ ಮಾಂಯ್‌ಳ ಕೋಣೆಗೆ ಎರಡು ಮಂಚ, ಒಂದರ ಮೇಲೆ ಬಟ್ಟೆಯ ರಾಶಿ. ಬಟ್ಟೆ ತೆಗೆದು ಬೇರೆ ಕಡೆ ಇಟ್ಟರಾಯಿತು. ಗುಳ್ಳೆ ಒಣಗಿದ ಮೇಲೆ, ಎಲ್ಲರಿಗಿಂತ ಒಂದು ವಾರ ಮೊದಲೇ, ಒಬ್ಬಳೇ ಹೋಗಿಬಿಡುವುದು.

“ಸೂಸಿ, ಯಾರ ಫೋನು?” ಆಂಥೋನಿ ಹಾಲಿನಿಂದ ಕೂಗಿದ.

“ವೈಲೆಟ್.”

“ಎಂತ ಹೇಳಿದ್ಲು?”

“ಎಂತ ಇಲ್ಲ. ಉರಿ ಉಂಟಾ ಅಂತ ಕೇಳಿದ್ಲು,” ಎಂದು ಸೂಸನ್ ರಾತ್ರಿಯ ಅನ್ನಕ್ಕೆ ಅಕ್ಕಿ ಅಳೆಯಲು ಡಬ್ಬದ ಮುಚ್ಚಳ ತೆಗೆದಳು.