ಅಕ್ಕನಿಗಾಗಿ ಇಳಿಸಿದ ಮೈ

ಬೇಕರಿಯ ಓವನ್ ಮುಂದೆ ವರ್ಷಗಟ್ಟಲೆ ನಿಂತು ದುಡಿದ ಅವನನ್ನು ಎಲ್ಲರೂ ಬನ್ನಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಅವನ ಅಕ್ಕ. ಚಿಕ್ಕಂದಿನಲ್ಲೇ ಅವನ ಕೆನ್ನೆ ಹಿಂಡಿ, "ಇವನು ಉಬ್ಬಿದ ಬನ್ನು" ಎಂದಿದ್ದಳು. ಮುಂದೆ ಅವನು ಬೇಕರಿಗೇ ಸೇರಿದಾಗ, "ನೋಡಿದ್ರಾ, ನನ್ನ ಬಾಯಲ್ಲಿ ಬಂದದ್ದು ಸುಳ್ಳಾಗಲ್ಲ" ಎಂದು ನಕ್ಕಿದ್ದಳು.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ಪರೀಕ್ಷೆ ಮಾಡಿಸಿದಾಗ ಭಾವನ ಕಿಡ್ನಿ ಹೊಂದಲಿಲ್ಲ, ತಮ್ಮನದು ಹೊಂದಿತು. ಆದರೆ ವೈದ್ಯರು ತೂಕದ ಯಂತ್ರ ನೋಡಿ ತಲೆಯಾಡಿಸಿದರು.

"ಈ ತೂಕದಲ್ಲಿ ಆಪರೇಷನ್ ಮಾಡಿದ್ರೆ ನಿಮ್ಮ ಜೀವಕ್ಕೇ ಅಪಾಯ. ಐವತ್ತು ಕಿಲೋ ಇಳಿಸಿಕೊಂಡು ಬನ್ನಿ."

ಇಳಿಸಲು ಹೊರಟ. ಬೆಣ್ಣೆಯ ಘಮದಲ್ಲೇ ನಿಂತು ಬೇಯಿಸಿದ ತರಕಾರಿ ತಿಂದ. ಕೆಲಸ ಮುಗಿದ ಮೇಲೆ ಬಸ್ಸು ಹತ್ತದೆ ನಡೆದೇ ಮನೆಗೆ ಹೋದ. ಮಂಡಿ ಊದಿದರೂ ಬಿಡಲಿಲ್ಲ. ದರ್ಜಿಯ ಹತ್ತಿರ ಪ್ಯಾಂಟಿನ ಸೊಂಟ ಹಿಡಿಸಿ ಹಿಡಿಸಿ, ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ತಾಗಿಕೊಂಡವು. ಅಕ್ಕ ಡಯಾಲಿಸಿಸ್ ಮಂಚದ ಮೇಲೆ ಮಲಗಿಕೊಂಡೇ ರೇಗಿಸುತ್ತಿದ್ದಳು: "ಪೂರ್ತಿ ಕರಗಿಸಿಕೊಂಡು ಬಾರೋ. ಜಿಡ್ಡು ಜಿಡ್ಡಾಗಿರೋ ಕಿಡ್ನಿ ನಂಗೆ ಬೇಡ."

ಇನ್ನು ಆರೇ ಕಿಲೋ ಬಾಕಿ ಇದ್ದಾಗ ಅಕ್ಕನಿಗೆ ಸೋಂಕು ತಗುಲಿತು. ವಾರದೊಳಗೆ ಹೋಗಿಬಿಟ್ಟಳು. ಆ ಆರು ಕಿಲೋ ಆಮೇಲೆ ತಾನಾಗಿಯೇ ಇಳಿಯಿತು.

ಬೇಕರಿಗೆ ಬರುವವರಿಗೆ ಇದೊಂದೂ ಗೊತ್ತಿರಲಿಲ್ಲ. "ಏನ್ ಬನ್ನಣ್ಣ, ಅರ್ಧಕ್ಕರ್ಧ ಆಗಿಬಿಟ್ರಲ್ಲ! ಗುಟ್ಟೇನು, ನಮಗೂ ಹೇಳಿ" ಎನ್ನುತ್ತಿದ್ದರು. ಅವನು ಹೂಂ ಎಂದು ಬ್ರೆಡ್ ಕತ್ತರಿಸುವ ಮೆಷಿನ್ ಕಡೆ ತಿರುಗಿಬಿಡುತ್ತಿದ್ದ. ಅಂಗಿಯ ಒಳಗೆ ಹೊಟ್ಟೆಯ ಚರ್ಮ ತೊಡೆಯವರೆಗೆ ಇಳಿಬಿದ್ದಿತ್ತು. ಎದೆಯದೂ ತೋಳಿನದೂ ಜೋತಾಡುತ್ತಿತ್ತು. ಬೆಳಿಗ್ಗೆ ಹೊಟ್ಟೆಯ ಚರ್ಮವನ್ನು ಮಡಚಿ, ಅಗಲದ ಪಟ್ಟಿ ಬಿಗಿದು, ಪ್ಯಾಂಟಿನೊಳಗೆ ತುರುಕಿ ಕೆಲಸಕ್ಕೆ ಹೊರಡುತ್ತಿದ್ದ. ಹೆಂಡತಿಯ ಎದುರಿಗೂ ಅಂಗಿ ಬಿಚ್ಚುತ್ತಿರಲಿಲ್ಲ. ಭಾವ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

ಓವನ್ ಶಾಖಕ್ಕೆ ಪಟ್ಟಿಯೊಳಗೆ ಬೆವರು ನಿಂತು, ಚರ್ಮದ ಮಡಿಕೆಗಳಲ್ಲಿ ಹುಣ್ಣಾಯಿತು. ಯಾರಿಗೂ ಹೇಳದೆ ಪೌಡರ್ ಸುರಿದುಕೊಂಡ. ಒಂದು ದಿನ ಒಗೆಯಲು ಬನಿಯನ್ ಎತ್ತಿಕೊಂಡ ಹೆಂಡತಿ ಅದನ್ನು ಹಿಡಿದುಕೊಂಡೇ ಕೋಣೆಗೆ ಬಂದಳು.

"ಏನ್ರೀ ಇದು, ರಕ್ತ?"

"ಏನಿಲ್ಲ, ಸ್ವಲ್ಪ ಉಜ್ಜಿದೆ ಅಷ್ಟೆ."

"ಅಂಗಿ ಬಿಚ್ಚಿ."

"ಬೇಡ ಕಣೇ."

"ಬಿಚ್ಚಿ ಅಂದೆ."

ಬಿಚ್ಚಿದ. ಅವಳು ನೋಡಿದಳು. ಬಿಸಿನೀರು ತಂದು ಒಂದೊಂದೇ ಮಡಿಕೆ ಎತ್ತಿ ಒರೆಸಿದಳು. ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ತೇವ ತೆಗೆದಳು. ಅವನು ಗೋಡೆ ನೋಡುತ್ತಾ ಕೂತಿದ್ದ.

"ಇನ್ನೊಂದಿಷ್ಟು ಬೇಗ ಇಳಿಸಿದ್ರೆ ಅಕ್ಕ ಇರ್ತಿದ್ಲು" ಎಂದ. "ಈ ಚರ್ಮ ಕಂಡಾಗೆಲ್ಲ ಅದೇ ಅನ್ಸುತ್ತೆ."

"ಹುಣ್ಣು ಮಾಡ್ಕೊಂಡು ಕೂತ್ರೆ ಅವರು ಬರ್ತಾರಾ?" ಎಂದಳು ಅವಳು. ಬಟ್ಟೆ ಪಕ್ಕಕ್ಕಿಟ್ಟು, "ತುಂಬಾ ನೋಯುತ್ತಾ?" ಎಂದಳು.

"ಹೂಂ" ಎಂದ.

ಹೊಟ್ಟೆಯ ಚರ್ಮ ಕತ್ತರಿಸಿ ತೆಗೆಯದೆ ಹುಣ್ಣು ಮಾಯುವುದಿಲ್ಲ ಎಂದರು ವೈದ್ಯರು. ಅವನು ಒಪ್ಪಲಿಲ್ಲ. ಅಕ್ಕನಿಗೆಂದು ಪಟ್ಟ ಪಾಡಿನಲ್ಲಿ ಉಳಿದಿರುವುದು ಇಷ್ಟೇ, ಅದನ್ನೂ ಕುಯ್ದು ಎಸೆಯುವುದೇ ಎಂದು ಹಟ ಹಿಡಿದ. ಕೊನೆಗೆ ಹೆಂಡತಿ ಭಾವನನ್ನು ಕರೆಸಿದಳು.

ಭಾವ ಬಂದು ಮಂಚದ ತುದಿಯಲ್ಲಿ ಕೂತರು. "ನನ್ನ ಮುಖ ನೋಡೋದನ್ನೇ ಬಿಟ್ಟುಬಿಟ್ಟೆ, ಯಾಕಪ್ಪಾ?"

"ಯಾವ ಮುಖ ಇಟ್ಕೊಂಡು ನೋಡ್ಲಿ ಭಾವ?"

"ಹುಚ್ಚಪ್ಪ" ಎಂದರು ಭಾವ. "ಆಸ್ಪತ್ರೆಗೆ ಹೋದಾಗೆಲ್ಲ ನರ್ಸ್ ಹತ್ರ ಅವಳದು ಒಂದೇ ಮಾತು, ನನ್ನ ತಮ್ಮ ಇನ್ನೊಂದು ಕಿಲೋ ಇಳಿದ ಅಂತ. ಅಷ್ಟು ನೋವಲ್ಲೂ ಅದನ್ನ ಹೇಳುವಾಗ ನಗ್ತಿದ್ಲು. ನೀನು ತಡ ಮಾಡ್ದೆ ಅಂತ ಒಂದು ದಿನಾನೂ ಅಂದವಳಲ್ಲ."

ಅವನು ಮುಖ ಮುಚ್ಚಿಕೊಂಡು ಅತ್ತ. ಅಕ್ಕ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಭಾವ ಏಳದೆ ಅವನ ಪಕ್ಕದಲ್ಲೇ ಕೂತಿದ್ದರು.

ಮುಂದಿನ ತಿಂಗಳು ಆಪರೇಷನ್ ಆಯಿತು. ಹೊಟ್ಟೆಯ ಚರ್ಮ ಹೋಗಿ, ಸೊಂಟದ ಈ ಕಡೆಯಿಂದ ಆ ಕಡೆಯವರೆಗೆ ಹೊಲಿಗೆ ಬಂತು. ತೋಳು, ಎದೆಯದನ್ನು ವೈದ್ಯರು ಮುಟ್ಟಲಿಲ್ಲ. ಅದು ಹಾಗೇ ಇರುತ್ತದೆ ಎಂದರು. ಇರಲಿ ಎಂದ.

ಮರುದಿನ ಅವನನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕಿತ್ತು. ಆಸ್ಪತ್ರೆಯ ಸಡಿಲ ಅಂಗಿಯ ಗಿಡ್ಡ ತೋಳಿನಿಂದ ಚರ್ಮ ಜೋತು ಕಾಣುತ್ತಿತ್ತು. ಭಾವ ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ತೋಳಿನ ಜೋತ ಚರ್ಮ ಅವರ ಅಂಗೈ ತುಂಬಿಕೊಂಡಿತು. ಅವನು ಎಳೆದುಕೊಳ್ಳಲು ನೋಡಿದ. ಅವರು ಬಿಡಲಿಲ್ಲ.

"ನಿಧಾನ" ಎಂದರು ಭಾವ. "ಈಗ ಅವಸರ ಏನಿಲ್ಲ."

ಇಬ್ಬರೂ ಬಾಗಿಲ ಕಡೆ ಹೆಜ್ಜೆ ಇಟ್ಟರು.