ಖಾಲಿ ಕುರ್ಚಿಯ ಕಂಪ್ಯೂಟರ್

ಗುರುಶಾಂತನಿಗೆ ಹೆಂಡತಿ ವಿದ್ಯಾವತಿಯ ಬಗ್ಗೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ಅಫಜಲಪುರದಲ್ಲಿ ಅವಳು ಕಂಪ್ಯೂಟರ್ ಕೇಂದ್ರ ತೆರೆದಾಗ ಮೂಗು ಮುರಿದವರ ಮಕ್ಕಳೇ ಈಗ ಅಲ್ಲಿ ಕಲಿಯುತ್ತಿದ್ದರು. ಕಲಿಸುವುದು ಅವಳ ಪಾಲು. ಕರೆಂಟು, ಬ್ಯಾಟರಿ, ಶಿಸ್ತು ಇವನ ಪಾಲು. ಹೇಳದೆ ಕೇಳದೆ ಹೋಗುವ ಕರೆಂಟಿನಿಂದ ಹಿಂದೊಮ್ಮೆ ಒಂದು ಕಂಪ್ಯೂಟರ್ ಕೆಟ್ಟ ಮೇಲೆ ಅವನೊಂದು ಕಾಯ್ದೆ ಮಾಡಿದ್ದ: ಕುರ್ಚಿ ಖಾಲಿಯಾದರೆ ಪರದೆಯ ಮೇಲೆ ಏನೂ ತೆರೆದಿರಕೂಡದು. ಎದ್ದವರು ಮರೆತರೆ, ದಾಟಿ ಹೋಗುವವರು ಮುಚ್ಚಬೇಕು.

ಅಂದು ನೇಮಕಾತಿ ಪರೀಕ್ಷೆ ನಡೆಸುವ ಕಂಪನಿಯಿಂದ ಶಿವಪ್ರಕಾಶ ತಪಾಸಣೆಗೆ ಬಂದಿದ್ದ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಎಷ್ಟು ವೇಗವಾಗಿ ಹೋಗುತ್ತದೆಂದು ತೋರಿಸಿದರೆ ಪರೀಕ್ಷೆ ಇಲ್ಲೇ, ಇಲ್ಲವಾದರೆ ಕಲಬುರಗಿಯಲ್ಲಿ. ಸುತ್ತಲ ಹಳ್ಳಿಗಳಾದ ಕರಜಗಿ, ಸೊನ್ನದ ಹುಡುಗಿಯರನ್ನು ಅಷ್ಟು ದೂರ ಕಳಿಸಲು ಅರ್ಧ ಮನೆಗಳು ಒಪ್ಪುವುದಿಲ್ಲ. ವರ್ಷವಿಡೀ ಅವರನ್ನು ತಯಾರು ಮಾಡಿದ ವಿದ್ಯಾವತಿಗೆ ಅದು ಚೆನ್ನಾಗಿ ಗೊತ್ತಿತ್ತು.

ಬಾಗಿಲ ಪಕ್ಕದ ಕಂಪ್ಯೂಟರಿನಲ್ಲಿ, ಇನ್ನೊಂದು ಕಂಪ್ಯೂಟರಿನ ಕರೆಗೆ ಕಾದು ಕೂರುವ ಪ್ರೋಗ್ರಾಂ ಶುರು ಮಾಡಿ ಅವಳು ಕೊನೆಯ ಸಾಲಿಗೆ ಹೋದಳು. ಅಲ್ಲಿನ ಕಂಪ್ಯೂಟರಿನಿಂದ ಕರೆದರೆ, ಸಂಪರ್ಕ ನಿರಾಕರಿಸಲಾಗಿದೆ ಎಂದು ಪರದೆಯ ಮೇಲೆ ಬಂತು.

"ವಾಯರ್‌ದ್ದೇ ಲಫಡಾ ಅದ," ಎಂದ ಗುರುಶಾಂತ, ಹಂಚುತ್ತಿದ್ದ ಚಹಾ ಬಿಟ್ಟು ಹೊಸ ವಾಯರು ತಂದು ಹಾಕಿದ. ವಿದ್ಯಾವತಿ ಮತ್ತೆ ಬಾಗಿಲ ಪಕ್ಕ ಪ್ರೋಗ್ರಾಂ ಹಚ್ಚಿ ಹೋಗಿ ಕರೆದಳು. ಮತ್ತದೇ ನಿರಾಕರಣೆ.

"ಮುಂಜಾನೆ ಜೇವರ್ಗಿಯಾಗೂ ಆಗಲಿಲ್ರಿ. ನಾ ಇನ್ನಾ ಆಳಂದಕ್ಕ ಹೋಗಬೇಕು," ಎಂದು ಶಿವಪ್ರಕಾಶ ಬ್ಯಾಗಿಗೆ ಕೈ ಹಾಕಿದ.

"ಜರಾ ತಡೀರಿ ಸರ್," ಎಂದಳು ವಿದ್ಯಾವತಿ. "ವಾಯರ್ ಕೆಟ್ಟಿದ್ರ ಉತ್ತರನೇ ಬರ್ತಿರಲಿಲ್ಲ. ಇದು ಪಟ್ಟನೆ 'ಇಲ್ಲ' ಅನ್ನಾಕತ್ತದ. ಅಂದ್ರ ನಾವು ಕರದದ್ದು ಅಲ್ಲೀತನಕ ಮುಟ್ಟ್ಯಾದ. ಮನಿ ಅದ, ಓ ಅನ್ನಾಕ ಒಳಗ ಮಂದಿ ಇಲ್ಲ."

ಗುರುಶಾಂತ ಬಾಯಿ ತೆರೆದು ನೋಡಿದ. ಬೇರೆಯವರು 'ಇಲ್ಲ' ಅನ್ನಿಸಿಕೊಂಡು ಮುಖ ಸಣ್ಣ ಮಾಡುವ ಕಡೆ, ಇವಳು ಆ 'ಇಲ್ಲ'ದೊಳಗೇ ಸುಳಿವು ಹಿಡಿದಿದ್ದಳು. ಎಂಥ ತಲೆ ಇವಳದು ಎಂದುಕೊಂಡ.

ಅವಳು ಬಾಗಿಲ ಪಕ್ಕದ ಕಂಪ್ಯೂಟರಿನ ಮುಂದೆ ಗಳಿಗೆ ನಿಂತಳು. ಪ್ರೋಗ್ರಾಂ ಮೂರನೆಯ ಸಲ ಶುರು ಮಾಡಿ ಗಂಡನನ್ನು ಕರೆದಳು.

"ರೀ, ಇಲ್ಲಿ ಕುಂದರ್ರಿ. ನಾ ಹೇಳೂತನಕ ಏಳಬ್ಯಾಡ್ರಿ."

ಕೂತ. ಮುಂದಿದ್ದ ಕಪ್ಪು ಪರದೆಯ ಗುರುತು ಅವನಿಗೆ ಹತ್ತಿತು. ಚಹಾ ಹಂಚುವಾಗ ಒಮ್ಮೆ, ವಾಯರು ಹಾಕಿ ಬರುವಾಗ ಇನ್ನೊಮ್ಮೆ, ಕುರ್ಚಿ ಖಾಲಿ ಕಂಡು ಇದನ್ನೇ ಅವನು ತನ್ನ ಕೈಯಾರೆ ಮುಚ್ಚಿದ್ದ.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತು ಬ್ಯಾಟರಿ ಕೂಗಿಕೊಂಡಿತು. ಅವನ ಕೈ ತಾನಾಗಿ ಮುಚ್ಚಲು ಮುಂದೆ ಹೋಯಿತು. ಥಟ್ಟನೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿ ಅದುಮಿ ಕೂತ. ಕೊನೆಯ ಸಾಲಿನಿಂದ ವಿದ್ಯಾವತಿ ಕರೆದದ್ದೇ ತಡ, ಕಪ್ಪು ಪರದೆಯ ಮೇಲೆ ಅಂಕಿಗಳು ಸರಸರ ಇಳಿಯತೊಡಗಿದವು.

"ಭಾರಿ ವೇಗ ಅದರಿ!" ಹಿಂದಿನಿಂದ ಶಿವಪ್ರಕಾಶನ ದನಿ ಕೇಳಿತು. "ಪರೀಕ್ಷಾ ಇಲ್ಲೇ ಆಗ್ತದ ತಗೋರಿ."

ಅವನನ್ನು ಕಳಿಸಿ ವಿದ್ಯಾವತಿ ಒಳಗೆ ಬಂದಳು. ಗುರುಶಾಂತನಿಗೆ ತಡೆಯಲಾಗಲಿಲ್ಲ.

"ವಿದ್ಯಾ, ಅದನ್ನ ಮುಚ್ಚಿದಾಂವ ನಾನೇ."

"ಗೊತ್ತದರಿ. ನಿಮ್ಮ ಚಹಾದ ಕಪ್ ಕೀಬೋರ್ಡಿನ ಬಾಜೂಕೇ ಇತ್ತಲ್ಲ."

"ಮತ್ತ ಆಗೇ ಯಾಕ ಹೇಳಲಿಲ್ಲ?"

"ಹೊರಗಿನವರ ಮುಂದ ನಿಮ್ಮನ್ನ ಸಣ್ಣ ಮಾಡಲೇನು? ಕುರ್ಚಿ ತುಂಬಿದ್ರ ನೀವು ಮುಚ್ಚಂಗಿಲ್ಲ. ಅದಕ್ಕ ನಿಮ್ಮನ್ನೇ ಕುಂದರಸಿದೆ."

ಇಂಥವಳ ಜೊತೆ ಬಾಳುವ ಪುಣ್ಯ ತನಗೆಲ್ಲಿಂದ ಬಂತೋ ಎಂದು ಅವನಿಗೆ ಅನಿಸಿತು.

"ಈಗರೇ ಏಳ್ರಿ, ಊಟಾ ಮಾಡೂಣು," ಎಂದಳು ಅವಳು.

ಆಗಲೇ ಅವನು ತೊಡೆಯ ಕೆಳಗಿನಿಂದ ಕೈ ತೆಗೆದದ್ದು.