ಸುಳಿ ಎಲೆ

ಕಾರ್ತೀಕದ ಬಿಸಿಲು ಕಣಕ್ಕೆ ಇಳಿಯುವಷ್ಟರಲ್ಲಿ ಹೆಂಗಸರು ಮೆಟ್ಟುಗತ್ತಿಗಳ ಮುಂದೆ ಕೂತು ಹಸಿ ಅಡಿಕೆ ಸುಲಿಯತೊಡಗಿದ್ದರು.

“ಲೇ ಸಾವಿತ್ರಿ, ಕೇಳಿದ್ಯಾ?” ತೋಟದ ಒಡೆಯ ಈರಭದ್ರಪ್ಪ ಜಗುಲಿಯಿಂದಲೇ ಹೆಂಡತಿಗೆ ಕೂಗಿ ಹೇಳಿದ. “ಹಿತ್ಲಲ್ಲಿ ತಟ್ಟೆ ಒಡ್ಡೋ ಮುಂಡೇವಕ್ಕೆ ಈಗ ಬಾಳೆ ಸುಳಿ ಎಲೆ ಬೇಕಂತೆ. ನಾಳೆ ಪಾಯಸನೂ ಕೇಳ್ತಾವೆ.”

ಸುಲಿಯುತ್ತಿದ್ದವರಲ್ಲಿ ಒಬ್ಬಿಬ್ಬರು ನಕ್ಕರು. ನಗದಿದ್ದರೆ ನಾಳೆ ಕೆಲಸಕ್ಕೆ ಕರೆಯುವುದಿಲ್ಲ.

“ಉಣ್ಣಾಕಲ್ಲ ಗೌಡ್ರೆ,” ಎಲೆ ಕೇಳಿದ್ದ ಶಂಕರಮ್ಮ ಸುಲಿಯುತ್ತಲೇ, ತಲೆ ಎತ್ತದೆ ಅಂದಳು. “ಮಗೀಗೆ. ಸುಟ್ಟಿರೋ ತಾವ ಕಟ್ಟಾಕೆ. ಸಿಸ್ಟರಮ್ಮ ಹೇಳವ್ರೆ.”

“ಯಾವ ಲೌಡಿನೇ ಅವ್ಳು? ಸುಳಿ ಕುಯ್ದ್ರೆ ಗೊನೆ ಕೆಡ್ತದೆ. ಸಂಜೆ ದೇವ್ರಿಗೆ ಎಡೆ ಬೇರೆ ಇಡ್ಬೇಕು. ಮುಚ್ಕೊಂಡು ಕೆಲ್ಸ ನೋಡು.”

ಹಿಂದಿನ ವಾರ ಇದೇ ಕಣದಲ್ಲಿ ಅಡಿಕೆ ಬೇಯಿಸುವ ಹಂಡೆ ವಾಲಿ, ಕುದಿಯುವ ಚೊಗರು ನೀರು ಶಂಕರಮ್ಮನ ಮಗಳು ಅನುಷಾಳ ತೊಡೆಯ ಮೇಲೆ ಸುರಿದಿತ್ತು. ಮಗುವಿಗೆ ಇನ್ನೂ ನಾಲ್ಕು ತುಂಬಿಲ್ಲ. ದೊಡ್ಡಾಸ್ಪತ್ರೆಯವರು ಕಟ್ಟು ಬದಲಿಸಿಕೊಳ್ಳಲು ಊರಿನ ಆರೋಗ್ಯ ಕೇಂದ್ರಕ್ಕೆ ಕಳಿಸಿದ್ದರು. ಅಲ್ಲಿ ಇದ್ದದ್ದು ಬರೀ ಪಟ್ಟಿಬಟ್ಟೆ. ಬಿಚ್ಚಿದಾಗೆಲ್ಲ ಹೊಸದಾಗಿ ಕೂಡಿದ ಎಳೆ ಚರ್ಮ ಬಟ್ಟೆಯ ಜೊತೆಗೇ ಕಿತ್ತು ಬರುತ್ತಿತ್ತು. ಮೊನ್ನೆ ಮಗು ಅರಚಿ ಅರಚಿ ಉಸಿರು ಸಿಕ್ಕಿಕೊಂಡು, ತುಟಿ ನೀಲಿಯಾಗಿತ್ತು. ಇನ್ನೊಂದು ಸಲ ಹಾಗೆ ಕಿತ್ತರೆ ಮಗು ಕೈಗೆ ಸಿಗುವುದಿಲ್ಲ.

“ಬಟ್ಟೆ ಕಚ್ಕೊಳ್ತದೆ ಕಣಮ್ಮ, ಎಲೆ ಕಚ್ಕೊಳಲ್ಲ,” ನರ್ಸ್ ಪ್ರತಿಮಾ ಅಂದಿದ್ದಳು. “ಈಗ್ತಾನೆ ಬಿಚ್ಚಿರೋ ಬಾಳೆಎಲೆ ತಗಂಬಾ. ಕುಕ್ಕರಲ್ಲಿ ಹಬೆ ಕೊಟ್ಟು, ಆರಿಸಿ ಹಾಕ್ತೀನಿ. ಅಜ್ಜಂಪುರದ ಅಂಗಡೀದು ಬ್ಯಾಡ, ಬಾಡಿ ಸೀಳಿರ್ತದೆ.”

ಶಂಕರಮ್ಮ ಎದ್ದಳು. ಮೂಲೆಯಲ್ಲಿದ್ದ ಕುಡುಗೋಲು ತೆಗೆದುಕೊಂಡಳು.

“ಬ್ಯಾಡ ಕಣೇ,” ಪಕ್ಕದ ಕಾಂತಮ್ಮ ಸೆರಗು ಹಿಡಿದೆಳೆದಳು. “ಸಿಗ್ದು ಹಾಕ್ತಾನೆ, ಕೂತ್ಕ.”

ಸೆರಗು ಬಿಡಿಸಿಕೊಂಡು ತೋಟಕ್ಕೆ ನುಗ್ಗಿದಳು. ಮೊದಲು ಕಂಡ ಬಾಳೆಯ ಸುಳಿಗೇ ಕುಡುಗೋಲು ಹಾಕಿದಳು. ಎಲೆಯನ್ನು ಎದೆಗೊತ್ತಿಕೊಂಡು ಜಗುಲಿಯ ಮುಂದೆಯೇ ಹಾದುಹೋದಳು. ಬೇರೆ ದಾರಿ ಇರಲಿಲ್ಲ. ಈರಭದ್ರಪ್ಪನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು.

ಆರೋಗ್ಯ ಕೇಂದ್ರದಲ್ಲಿ ಪ್ರತಿಮಾ ಉಪ್ಪುನೀರಲ್ಲಿ ನೆನೆಸಿ ನೆನೆಸಿ ಹಳೆಯ ಪಟ್ಟಿ ಬಿಡಿಸುತ್ತಿದ್ದಳು. ಹಬೆಯಲ್ಲಿ ಬೆಂದ ಎಲೆ ಬಿಳಿ ಬಟ್ಟೆಯ ಮೇಲೆ ಆರುತ್ತಿತ್ತು. ಶಂಕರಮ್ಮ ಕಾಲು ಹಿಡಿದು ಕೂತಿದ್ದಳು, ಮಗು ಬಿಕ್ಕುತ್ತಿತ್ತು. ಹೊರಗೆ ಈರಭದ್ರಪ್ಪನ ಬೈಕು ಬಂದು ನಿಂತಿತು.

“ಆಚಿಗ್ ಬಾರೇ, ಕಳ್ ಮುಂಡೆ.”

ಪ್ರತಿಮಾಳ ಕೈ ನಿಂತಿತು. “ಹೋಗಿ ಏನೋ ಹೇಳ್ಬಿಟ್ಟು ಬಾರಮ್ಮ.”

“ಕೈ ಬಿಟ್ರೆ ಮಗ ಒದ್ದಾಡ್ತದೆ. ನೀವು ಹಾಕಿ.” ಶಂಕರಮ್ಮ ಬಾಗಿಲ ಕಡೆ ತಿರುಗದೆ ದನಿ ಎತ್ತಿದಳು. “ಎಲೆ ಹಾಕ್ತಾವ್ರೆ. ಅಲ್ಲೇ ನಿಂತಿರು.”

ಹುಟ್ಟಿದಾಗಿನಿಂದ ಆ ಮನೆಯ ನಾಯಿಗೂ ಅವಳು ಏಕವಚನ ಆಡಿದವಳಲ್ಲ. ಮೆಟ್ಟಿಲು ಹತ್ತಿ ಬರುವ ಚಪ್ಪಲಿ ಸಪ್ಪಳ ಕೇಳಿತು.

ಅವಳು ಮಗುವಿನ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.